ಮೊದಲು ರೇಂಜ್ ಹುಡುಕಿ, ಆಮೇಲೆ ರೈಫಲ್

"ಲಾಂಗ್ ರೇಂಜ್ ಟಾರ್ಗೆಟ್ ಶೂಟಿಂಗ್ ಶುರು ಮಾಡ್ಬೇಕು, ಮೊದಲನೇ ಬೋಲ್ಟ್ ಆಕ್ಷನ್ ರೈಫಲ್ ಯಾವುದು ತಗೊಳ್ಳಲಿ?" ಅಂತ ಕೇಳುವವರು ಈಗೀಗ ಜಾಸ್ತಿಯಾಗಿದ್ದಾರೆ. ಹೆಚ್ಚಿನವರು ಬೆಂಗಳೂರಿನವರು, ಒಳ್ಳೆ ಸಂಬಳದವರು, ಓದಿಕೊಂಡವರು. ಅವರಲ್ಲಿ ಮುಕ್ಕಾಲು ಪಾಲು ಜನರಿಗೆ ಉತ್ತರ ಆಗಲೇ ಗೊತ್ತಿರುತ್ತದೆ. ಟಿಕ್ಕಾ ಟಿ3ಎಕ್ಸ್ ಅಥವಾ ಬೆರ್ಗಾರಾ, 6.5 ಕ್ರೀಡ್‌ಮೋರ್, ಮೇಲೆ ಐದರಿಂದ ಇಪ್ಪತ್ತೈದು ಪಟ್ಟು ಹಿಗ್ಗಿಸುವ ಸ್ಕೋಪ್, ಕೆಳಗೆ ಬೈಪಾಡ್. ಅಮೆರಿಕದ ಯಾವುದೋ ಗಡ್ಡದವನ ವಿಡಿಯೋ ನೋಡಿ ಮಾಡಿಕೊಂಡ ಪಟ್ಟಿ ಅದು. ಟೆಕ್ಸಸ್‌ನಲ್ಲಿ ಇದ್ದಿದ್ದರೆ ಪಟ್ಟಿ ಕೆಟ್ಟದ್ದೇನೂ ಅಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ಹೊಡೀತೀರಿ? ಅಲ್ಲಿಗೆ ಮಾತು ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು, "ನಿಮ್ದು ಕೊಡಗು ಅಲ್ವಾ? ಅಲ್ಲಿ ಎಲ್ಲರ ಮನೇಲೂ ಗನ್ ಇರುತ್ತಂತಲ್ಲ, ನಿಮ್ಮ ತೋಟದಲ್ಲೇ..." ಅನ್ನುತ್ತಾರೆ.

ಈ "ನಿಮ್ಮ ತೋಟದಲ್ಲೇ" ಅನ್ನೋ ಮಾತಿನ ಮೇಲೆ ನನಗೆ ಜಗಳ ಇದೆ. ಅದನ್ನು ಮೊದಲು ಮುಗಿಸುತ್ತೇನೆ.

ನಮ್ಮೂರು ಶಿರಂಗಾಲ. ಕೊಡಗಿನ ಈಶಾನ್ಯದ ಗಡಿ. ಕಾವೇರಿ ಕೊಡಗು ಬಿಟ್ಟು ಹೊರಡುವುದು ಇಲ್ಲಿಂದಲೇ. ಚೆಕ್‌ಪೋಸ್ಟ್ ದಾಟಿದರೆ ಹಾಸನ ಜಿಲ್ಲೆ, ಕೊಣನೂರು ಹತ್ತಿರ. ಹೊಳೆಯ ಆಚೆ ದಡ ಇನ್ನೊಂದು ಜಿಲ್ಲೆ. ನಿಮ್ಮ ಹೋಂಸ್ಟೇ ಫೋಟೋದಲ್ಲಿರುವ ಕೊಡಗು ಇದಲ್ಲ. ಇಲ್ಲಿ ಗದ್ದೆ, ಜೋಳ, ಶುಂಠಿ. ಮಾತು ಕನ್ನಡ. ಇಲ್ಲಿ ಹೆಚ್ಚಿನವರು ಕೊಡವರೂ ಅಲ್ಲ, ಜಮ್ಮಾ ಹಿಡುವಳಿದಾರರೂ ಅಲ್ಲ. ಕೋವಿ ವಿನಾಯಿತಿ ಇರುವುದು ಈ ಎರಡು ಗುಂಪಿಗೆ ಮಾತ್ರ, ಇಡೀ ಜಿಲ್ಲೆಗಲ್ಲ.

ವಿನಾಯಿತಿಯ ಕಥೆ ಹಳೆಯದು. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ, ನಿಶ್ಶಸ್ತ್ರೀಕರಣದ ಕಾನೂನಿನಿಂದ ಕೊಡವರನ್ನು ಹೊರಗಿಟ್ಟರು. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೆ 1963ರ ಅಧಿಸೂಚನೆ ಅದನ್ನೇ ಮುಂದುವರಿಸಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಮತ್ತೆ ಹತ್ತು ವರ್ಷ ವಿಸ್ತರಿಸಿತು, 2029ರ ಅಕ್ಟೋಬರ್ 31ರವರೆಗೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ವಿನಾಯಿತಿ ಸರಿಯೋ ತಪ್ಪೋ ಅನ್ನುವುದು ಬೇರೆ ಲೇಖನದ ವಿಷಯ, ನನಗೆ ಇಲ್ಲಿ ಅದು ಬೇಡ. ನಾನು ಹೇಳುತ್ತಿರುವುದು ಇಷ್ಟೇ: ವಿನಾಯಿತಿ ಇರುವುದು ಆ ವ್ಯಕ್ತಿಗೆ. ಅವರ ಬೆಂಗಳೂರಿನ ಸಹೋದ್ಯೋಗಿಗೆ ಅಲ್ಲ, ರೂಮ್‌ಮೇಟ್‌ಗೆ ಅಲ್ಲ, "ನನ್ನ ಹೆಂಡತಿಯ ಅಣ್ಣನ ಫ್ರೆಂಡ್ ಹೆಸರಲ್ಲಿ ತಗೊಂಡು ನಾನು ಉಪಯೋಗಿಸ್ತೀನಿ" ಅನ್ನುವವನಿಗಂತೂ ಅಲ್ಲವೇ ಅಲ್ಲ. ಅದಕ್ಕೆ ಕಾನೂನಿನಲ್ಲಿ ಇರುವ ಹೆಸರು ಪರವಾನಗಿಯಿಲ್ಲದೆ ಶಸ್ತ್ರ ಇಟ್ಟುಕೊಳ್ಳುವುದು. ಜೈಲಿನ ಅಪರಾಧ.

ಇನ್ನೊಂದು ಮಾತು. ವಿನಾಯಿತಿ ಇರುವವರು ಕೊಡಗಿನ ಹೊರಗೆ ಇಟ್ಟುಕೊಳ್ಳಬಹುದಾದದ್ದು ಒಂದು ರೈಫಲ್, ಅದಕ್ಕೆ ನೂರು ಗುಂಡು. ಜೊತೆಗೊಂದು ನಯನಳಿಗೆಯ ಕೋವಿ, ಅದಕ್ಕೆ ಐನೂರು ತೋಟಾ. ನೂರು ಗುಂಡು! 50 ಮೀಟರ್ ಪ್ರೋನ್ ಪಂದ್ಯ ಒಂದಕ್ಕೇ ಅರವತ್ತು ಗುಂಡು ಬೇಕು, ಶುರುವಿನ ಸೈಟರ್‌ಗಳನ್ನು ಬಿಟ್ಟು. ಅಂದರೆ ಜಿಲ್ಲೆ ದಾಟಿದರೆ ಕೊಡಗಿನ ಆ ದೊಡ್ಡ "ಸ್ವಾತಂತ್ರ್ಯ" ಎರಡು ಪಂದ್ಯಕ್ಕೂ ಸಾಲದು. ಅದು ಕ್ರೀಡೆಗೆಂದು ಮಾಡಿದ ವ್ಯವಸ್ಥೆಯೇ ಅಲ್ಲ. ಮನೆತನದ ಕೋವಿ, ಕೈಲ್‌ಪೊಳ್ದ್‌ನಲ್ಲಿ ಅದಕ್ಕೆ ಪೂಜೆ, ತೆಂಗಿನಕಾಯಿಗೆ ಗುರಿ, ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು: ಆ ಬದುಕಿಗೆ ಅದು ಹೊಂದುತ್ತದೆ. ನೀವು ಕೇಳುತ್ತಿರುವ ಆಟವೇ ಬೇರೆ.

ಈಗ ಪಟ್ಟಿಗೆ ಬರೋಣ.

ನಮ್ಮಲ್ಲಿ ಕ್ಯಾಲಿಬರ್ ಆಯ್ಕೆ ಮಾಡುವುದು ನೀವಲ್ಲ, ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .303 ಮತ್ತು 7.62 ಮಿ.ಮೀ. ನಿಷಿದ್ಧ ಬೋರ್. ಸೇನೆಯ ಆ ಗುಂಡು ಹಾಕಬಹುದಾದ ಬೇರೆ ಯಾವ ರೈಫಲ್ ಆದರೂ ಅದೇ ಗುಂಪಿಗೆ ಸೇರುತ್ತದೆ. ಬೋಲ್ಟ್ ಆಕ್ಷನ್ ಆದರೂ ಅಷ್ಟೆ. ಹಾಗಾಗಿ ಜಗತ್ತಿನ ಪ್ರತಿ ವಿಡಿಯೋ "ಹೊಸಬರಿಗೆ ಇದೇ ಬೆಸ್ಟ್" ಅಂತ ಕೂಗುವ .308 ವಿಂಚೆಸ್ಟರ್ ನಿಮಗೆ ಸಿಗುವುದಿಲ್ಲ. ತಮಾಷೆ ಏನು ಗೊತ್ತಾ? .30-06 ಸಿಗುತ್ತದೆ. ಎರಡರಲ್ಲೂ ಗುಂಡಿನ ವ್ಯಾಸ ಒಂದೇ. .30-06ರ ತೋಟಾ ಇನ್ನೂ ಉದ್ದ, ಮದ್ದು ಇನ್ನೂ ಹೆಚ್ಚು, ಹೊಡೆತ ಇನ್ನೂ ಜೋರು. ಆದರೂ ಅದಕ್ಕೆ ಅವಕಾಶ. ಯಾಕೆಂದರೆ ಕಾನೂನು ನೋಡುವುದು ಎಷ್ಟು ಜೋರು ಅಂತಲ್ಲ, ಸೇನೆಯ ಮಾಲು ನಿಮ್ಮ ಕೋವಿಗೆ ಹೊಂದುತ್ತದೋ ಅಂತ. ಇದು ಬ್ರಿಟಿಷರಿಂದ ಬಂದ ಬುದ್ಧಿ. ಅವರ ಸಿಪಾಯಿಗಳ ಕೈಯಲ್ಲಿ .303 ಇತ್ತು, ಕದ್ದ ಗುಂಡು ಊರಿನವರ ಕೋವಿಗೆ ಹೊಂದಬಾರದು ಅಂತ ನಾಗರಿಕರಿಗೆ.315 ಕೊಟ್ಟರು. ಅದೇ .315 ಇವತ್ತಿಗೂ ನಮ್ಮ ಸರ್ಕಾರಿ ಕಾರ್ಖಾನೆಯ ಸ್ಪೋರ್ಟಿಂಗ್ ರೈಫಲ್. ಹಳೇ ಲೀ-ಎನ್‌ಫೀಲ್ಡ್ ಬೋಲ್ಟು, ಭಾರದ ನಿಧಾನದ ಗುಂಡು. ಕಾಡಿನಂಚಿನ ಗದ್ದೆ ಕಾಯುವವರ ಕೈಯಲ್ಲಿ ಅದಕ್ಕೆ ಮರ್ಯಾದೆ ಇದೆ, ಇರಲಿ. ದೂರದ ಕಾಗದದ ಗುರಿಗೆ ಅದನ್ನು ತಗೊಳ್ಳುವುದು ಮ್ಯಾರಥಾನ್‌ಗೆ ಗಂಬೂಟ್ ಹಾಕಿಕೊಂಡು ಹೋದ ಹಾಗೆ.

ಇಶಾಪುರದ .30-06 ಇದೆ, ನಿಜ. ಕಾಗದದ ಮೇಲೆ ನೋಡಿದರೆ ಲಾಂಗ್ ರೇಂಜ್ ಅನ್ನುವ ಹೆಸರಿಗೆ ಹತ್ತಿರದ್ದು ಅದೇ. ಬೆಂಗಳೂರಿನ ನನ್ನ ಪರಿಚಯದವರೊಬ್ಬರು ಅದನ್ನೇ ತಗೊಂಡರು. ಲೈಸೆನ್ಸ್‌ಗೆ ಓಡಾಡಿದ್ದು ಒಂದೂವರೆ ವರ್ಷ. ರೈಫಲ್‌ಗಿಂತ ಸ್ಕೋಪ್‌ಗೆ ಹೆಚ್ಚು ಖರ್ಚಾಯಿತು. ಅಂಗಡಿಯವನು "ಸಾರ್, ಇದೇ ಸ್ನೈಪರ್ ಸೆಟಪ್" ಅಂದನಂತೆ. ಎರಡು ವರ್ಷದಲ್ಲಿ ಅವರು ಹೊಡೆದದ್ದು ಇಪ್ಪತ್ತೋ ಇಪ್ಪತ್ತೆರಡೋ ಗುಂಡು. ಹೊಡೆಯಲು ಜಾಗವಿಲ್ಲ, ಗುಂಡಿನ ಬೆಲೆ ನೋಡಿದರೆ ಕೈ ಬರುವುದಿಲ್ಲ, ಪ್ರತಿ ಗುಂಡಿಗೂ ಭುಜಕ್ಕೆ ಒದೆ. ನಾಲ್ಕನೇ ಗುಂಡಿಗೆ ಅವರು ಟ್ರಿಗರ್ ಒತ್ತುವ ಮುಂಚೆಯೇ ಕಣ್ಣು ಮುಚ್ಚುತ್ತಿದ್ದರು. ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಹೊಸಬನಿಗೆ ಜೋರು ರೈಫಲ್ ಕೊಟ್ಟರೆ ಅವನು ಮೊದಲು ಕಲಿಯುವುದು ಬೆಚ್ಚುವುದನ್ನು. ಅದನ್ನು ಬಿಡಿಸಲು ಆಮೇಲೆ ವರ್ಷಗಟ್ಟಲೆ ಬೇಕು. ಈಗ ಆ ರೈಫಲ್ ಚುನಾವಣೆ ಬಂದಾಗ ಠಾಣೆಗೆ ಹೋಗಿ ಬರುತ್ತದೆ, ಅದರ ಪ್ರವಾಸ ಅಷ್ಟೆ.

ಹೊರದೇಶದ ರೈಫಲ್ಲುಗಳ ಮಾತು ಇನ್ನೂ ಸುಲಭ. 1980ರ ದಶಕದ ನಡುವಿನಿಂದ ಸಾಮಾನ್ಯ ನಾಗರಿಕರಿಗೆ ಕೋವಿ ಆಮದು ಬಂದ್. ತರಿಸಬಹುದಾದವರು ಶೂಟರ್‌ಗಳು, ಅದೂ ರಾಷ್ಟ್ರೀಯ ರೈಫಲ್ ಅಸೋಸಿಯೇಷನ್ ಮೂಲಕ, ಪಂದ್ಯಗಳಲ್ಲಿ ನಿಗದಿತ ಅಂಕ ತೋರಿಸಿ. ಇದನ್ನು ಕೇಳಿ ಜನ ಸರ್ಕಾರಕ್ಕೆ ಬೈಯುತ್ತಾರೆ. ನಾನೂ ಬೈಯುತ್ತೇನೆ, ಬೇರೆ ಕಾರಣಕ್ಕೆ. ಆದರೆ ಈ ಒಂದು ವಿಷಯದಲ್ಲಿ ನಿಯಮದ ಕ್ರಮ ಸರಿಯಾಗಿದೆ ಅನ್ನುವುದು ನನ್ನ ಅಭಿಪ್ರಾಯ: ಮೊದಲು ಅಂಕ, ಆಮೇಲೆ ರೈಫಲ್. ನಮ್ಮ ಹುಡುಗರಿಗೆ ಬೇಕಿರುವುದು ತಿರುಗಾಮುರುಗಾ.

ಹಾಗಾದರೆ ಏನು ತಗೊಳ್ಳಬೇಕು? .22. ಪಾಯಿಂಟ್ ಟ್ವೆಂಟಿಟೂ. ಬೋಲ್ಟ್ ಆಕ್ಷನ್, ಟಾರ್ಗೆಟ್ ಬ್ಯಾರೆಲ್. ಅದೂ ಮೊದಲ ವರ್ಷ ಕ್ಲಬ್ಬಿನದ್ದು, ಆಮೇಲೆ ನಿಮ್ಮದು.

ಇಷ್ಟು ಹೇಳಿದ ಕೂಡಲೇ ಮುಖ ಸಪ್ಪಗಾಗುತ್ತದೆ. ನಮ್ಮ ಚಿಕ್ಕಪ್ಪನ ಮಗ ಫೋನಿನಲ್ಲಿ, "ಅಣ್ಣಾ, ನಾನು ಸಾವಿರ ಮೀಟರ್ ಬಗ್ಗೆ ಕೇಳ್ತಿದ್ರೆ ನೀನು ಜಾತ್ರೆ ಬಲೂನ್ ಬಗ್ಗೆ ಹೇಳ್ತೀಯಲ್ಲ" ಅಂದ. ಅವನು ವೈಟ್‌ಫೀಲ್ಡ್‌ನಲ್ಲಿ ಡೇಟಾ ನೋಡಿ ಬದುಕುವವನು. ಹಾಗಾಗಿ ಡೇಟಾನೇ ಕೊಟ್ಟೆ.

ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿ.ಮೀ. ಒಂದು ಸೆಂಟಿಮೀಟರ್ ಚಿಲ್ಲರೆ. ಸಾವಿರ ಗಜದ ಎಫ್-ಕ್ಲಾಸ್ ಗುರಿಯಲ್ಲಿ ಹತ್ತರ ವೃತ್ತ ಹತ್ತು ಇಂಚು. ಈಗ 50 ಮೀಟರಿನ ಆ ಪುಟ್ಟ ವೃತ್ತವನ್ನು ಅದೇ ಕೋನದಲ್ಲಿ ಸಾವಿರ ಗಜಕ್ಕೆ ಹಿಗ್ಗಿಸಿ ನೋಡು: ಏಳೂವರೆ ಇಂಚು. ಅಂದರೆ ನೀನು ಬಲೂನ್ ಅಂದ ಆಟದ ಗುರಿ, ನಿನ್ನ ಕನಸಿನ ಸಾವಿರ ಗಜದ ಗುರಿಗಿಂತ ಚಿಕ್ಕದು. ಎಫ್-ಕ್ಲಾಸ್‌ನಲ್ಲಿ ಬೈಪಾಡ್ ಇದೆ, ಸ್ಕೋಪ್ ಇದೆ, ಮಲಗಿ ಹೊಡೆಯುತ್ತಾರೆ. 50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಸ್ಕೋಪ್ ಇಲ್ಲ, ಆಸರೆ ಇಲ್ಲ. ಮಂಡಿಯೂರಿ, ಮಲಗಿ, ಎದ್ದು ನಿಂತು ಹೊಡೆಯಬೇಕು. 300 ಮೀಟರ್ ಬಿಗ್ ಬೋರ್ ಗುರಿಯ ಹತ್ತು ಕೂಡ 100 ಮಿ.ಮೀ.; .22ರ ಗುರಿಯನ್ನು ಆ ದೂರಕ್ಕೆ ಹಿಗ್ಗಿಸಿದರೆ 62 ಮಿ.ಮೀ. ಮಾತ್ರ. ಕೊಲ್ಹಾಪುರದ ಕಡೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್‌ನಲ್ಲಿ ಕಂಚು ಗೆದ್ದದ್ದು ಇದೇ .22 ಹಿಡಿದು.

ಚಿಕ್ಕಪ್ಪನ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆದ್ರೆ ಗಾಳಿ? ಲಾಂಗ್ ರೇಂಜ್ ಅಂದ್ರೆ ಗಾಳಿ ಓದೋದು ಅಲ್ವಾ?" ಅಂದ. ಒಳ್ಳೆ ಪ್ರಶ್ನೆ. ಉತ್ತರ ಇನ್ನೂ ಒಳ್ಳೆಯದು.

.22ರ ಗುಂಡು ಎರಡೂವರೆ ಗ್ರಾಂ ಚಿಲ್ಲರೆ. ಟಾರ್ಗೆಟ್ ತೋಟಾದಲ್ಲಿ ಅದು ಶಬ್ದಕ್ಕಿಂತ ನಿಧಾನ ಹೋಗುತ್ತದೆ, ಸೆಕೆಂಡಿಗೆ 325 ಮೀಟರ್ ಆಸುಪಾಸು. ಗಂಟೆಗೆ ಹದಿನಾರು ಕಿಲೋಮೀಟರ್ ಅಡ್ಡಗಾಳಿ ಬೀಸಿದರೆ ನೂರು ಗಜದಲ್ಲಿ ಅದು ಮೂರು-ನಾಲ್ಕು ಇಂಚು ಪಕ್ಕಕ್ಕೆ ಸರಿಯುತ್ತದೆ. ಅದೇ ಗಾಳಿಗೆ .308 ಅಷ್ಟು ಸರಿಯಲು ಇನ್ನೂರು ಗಜ ಬೇಕು. ಬೀಳುವುದೂ ಹಾಗೆಯೇ: ಐವತ್ತು ಗಜಕ್ಕೆ ಸೊನ್ನೆ ಮಾಡಿದ .22 ನೂರು ಗಜದಲ್ಲಿ ಅರ್ಧ ಅಡಿ ಕೆಳಗೆ ಬಡಿಯುತ್ತದೆ, ಇನ್ನೂರು ಗಜದಲ್ಲಿ ಮೂರು ಅಡಿಗೂ ಹೆಚ್ಚು. ದೊಡ್ಡ ರೈಫಲ್ ಐನೂರು, ಆರುನೂರು ಗಜದಲ್ಲಿ ಕಲಿಸುವ ಪಾಠವನ್ನು ಈ ಚಿಕ್ಕ ಗುಂಡು ಇನ್ನೂರರೊಳಗೇ ಕಲಿಸಿಬಿಡುತ್ತದೆ. ಭುಜಕ್ಕೆ ಒದೆಯದೆ, ಬೆಚ್ಚಿಸದೆ. ಇನ್ನೊಂದು ವಿಷಯ ಜನ ಹೇಳುವುದಿಲ್ಲ. ಗುಂಡು ನಿಧಾನ, ಆದ್ದರಿಂದ ಟ್ರಿಗರ್ ಒತ್ತಿದ ಮೇಲೂ ಅದು ಬ್ಯಾರೆಲ್‌ನೊಳಗೆ ಇರುವ ಹೊತ್ತು ಹೆಚ್ಚು. ಆ ಹೊತ್ತಿನಲ್ಲಿ ನೀವು ತಲೆ ಎತ್ತಿ ಇಣುಕಿದರೆ ಗುರಿಯ ಕಾಗದ ಅದನ್ನು ಬರೆದಿಡುತ್ತದೆ. ಜೋರು ರೈಫಲ್ ನಿಮ್ಮ ತಪ್ಪನ್ನು ತನ್ನ ಒದೆತದಲ್ಲಿ ಮುಚ್ಚಿಹಾಕುತ್ತದೆ. ಗುಂಪು ಹರಡಿದರೆ "ಅಮ್ಮೋ ಸರಿ ಇಲ್ಲ" ಅಂದುಬಿಡಬಹುದು.

ಗುಂಪು ಅಂದಾಗ ಇನ್ನೊಂದು ಸಿಟ್ಟು ನೆನಪಾಯಿತು. "ನನ್ನ ರೈಫಲ್ ಸಬ್-ಎಂಒಎ" ಅನ್ನುವ ಜಂಬ. ಒಂದು ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಭಾಗ, ನೂರು ಮೀಟರಿನಲ್ಲಿ 2.9 ಸೆಂಟಿಮೀಟರ್. ಮೂರು ಗುಂಡು ಹೊಡೆದು, ಹತ್ತಿರ ಬಿದ್ದ ಮೂರನ್ನು ಫೋಟೋ ತೆಗೆದು ಹಾಕುತ್ತಾರೆ. ಮೂರು ಗುಂಡಿನಿಂದ ಏನೂ ಗೊತ್ತಾಗುವುದಿಲ್ಲ. ಅದೇ ರೈಫಲ್ಲಿನಲ್ಲಿ ಹತ್ತು ಗುಂಡಿನ ಗುಂಪು ಐದು ಸಲ ಹೊಡೆಯಿರಿ, ಕೆಟ್ಟದ್ದನ್ನೂ ಸೇರಿಸಿ ತೋರಿಸಿ. ಕಂಪನಿಯಲ್ಲಿ ಎ/ಬಿ ಟೆಸ್ಟ್‌ಗೆ ಮೂರು ಸ್ಯಾಂಪಲ್ ತಂದವನನ್ನು ನೀವೇ ನಗಾಡಿ ಕಳಿಸುತ್ತೀರಿ. ಇಲ್ಲಿ ಮಾತ್ರ ಮೂರು ಸಾಕಾ?

ಸರಿ, .22 ಎಂದು ಒಪ್ಪಿಕೊಂಡರೆ ಯಾವ .22? ಇದರಲ್ಲಿ ನನಗೆ ಬ್ರ್ಯಾಂಡ್ ಹುಚ್ಚಿಲ್ಲ. ಆನ್‌ಶುಟ್ಜ್, ವಾಲ್ಟರ್, ಫೈನ್‌ವರ್ಕ್‌ಬೌ ಅಂದರೆ ಪಂದ್ಯದ ಜಾತಿ. ನಮ್ಮ ಕ್ಲಬ್ಬುಗಳ ಕಪಾಟಿನಲ್ಲಿ ಹಳೆಯ ಆನ್‌ಶುಟ್ಜ್ ಒಂದಾದರೂ ಇದ್ದೇ ಇರುತ್ತದೆ. ಮೇಲೆ ಎಷ್ಟು ಗೀರು ಬಿದ್ದಿದ್ದರೂ ಸರಿ, ಅದು ನಿಮಗಿಂತ ಚೆನ್ನಾಗಿ ಹೊಡೆಯುತ್ತದೆ. ಆಮದು ನಿಲ್ಲುವ ಮುಂಚೆ ಬಂದ ಚೆಕೊಸ್ಲೊವಾಕಿಯಾದ ಬರ್ನೊ ಮಾಡೆಲ್ 2 ಕೊಡಗಿನಲ್ಲೂ ಮಲೆನಾಡಿನಲ್ಲೂ ಹಳೆ ಮನೆಗಳಲ್ಲಿ ಇನ್ನೂ ಸಿಗುತ್ತದೆ. ಹಗುರ, ಚಂದ, ಕೈಗೆ ಕೂರುತ್ತದೆ. ಲೈಸೆನ್ಸ್ ಇರುವವರು ಲೈಸೆನ್ಸ್ ಇರುವವರಿಂದ, ಡಿಸಿ ಕಚೇರಿಯ ಕಾಗದದ ಜೊತೆ ತಗೊಳ್ಳುವುದಾದರೆ ನಾನು ಬೇಡ ಅನ್ನುವುದಿಲ್ಲ. ಆದರೆ ಬ್ಯಾರೆಲ್‌ನ ಬಾಯಿ ನೋಡಿ. ತಾತನ ಕಾಲದಿಂದ ಬಾಯಿ ಕಡೆಯಿಂದಲೇ ಕಬ್ಬಿಣದ ಕಡ್ಡಿ ತುರುಕಿ ಒರೆಸಿದ್ದರೆ ಅಲ್ಲಿ ಸವೆದಿರುತ್ತದೆ, ಆಮೇಲೆ ಎಷ್ಟು ಒಳ್ಳೆ ಗುಂಡು ಹಾಕಿದರೂ ಅಷ್ಟೆ.

ಉಳಿದಂತೆ ನೋಡಬೇಕಾದ್ದು ಕ್ಯಾಟಲಾಗ್‌ನಲ್ಲಿ ಇರುವುದಿಲ್ಲ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೆ ಇಟ್ಟು ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ಸೈಟಿನ ನಡುವೆ ಕಣ್ಣು ಇದೆಯೋ, ಕತ್ತು ಚಾಚಬೇಕೋ? ಸ್ಟಾಕ್ ಉದ್ದವಾದರೆ ಭುಜ ಹಿಂದಕ್ಕೆ ವಾಲುತ್ತದೆ, ಗಿಡ್ಡವಾದರೆ ಮೂಗು ಬೋಲ್ಟಿಗೆ ತಾಗುತ್ತದೆ. ಅಮೆರಿಕದ ಆರಡಿ ಆಳಿಗೆ ಕಡೆದ ಸ್ಟಾಕ್ ನಮ್ಮ ಐದು ಅಡಿ ಐದು ಇಂಚಿನವರಿಗೆ ಹೊಂದಬೇಕೆಂದು ಎಲ್ಲಿದೆ? ಟ್ರಿಗರ್ ಗಾಜಿನ ಕಡ್ಡಿ ಮುರಿದ ಹಾಗೆ ಬಿಡಬೇಕು, ಎಳೆದಾಡಬಾರದು. ಎಡಗೈಯವರು ಎಡಗೈ ಬೋಲ್ಟೇ ಹುಡುಕಿ, ಸಿಗದಿದ್ದರೆ ಕಾಯಿರಿ. ಗುಂಡು ಒಂದೇ ಬ್ರ್ಯಾಂಡಿನದ್ದಾದರೂ ಒಂದು ಲಾಟ್ ಹೊಂದಿದ್ದು ಇನ್ನೊಂದು ಹೊಂದುವುದಿಲ್ಲ, ಅದನ್ನು ಹೊಡೆದೇ ತಿಳಿಯಬೇಕು. ಸ್ಕೋಪ್‌ಗೆ ದುಡ್ಡು ಸುರಿಯುವವರು ಒಂದನ್ನು ನೆನಪಿಡಿ: ಬೇಟೆಗೆಂದು ಮಾಡಿದ ಹೆಚ್ಚಿನ ಸ್ಕೋಪ್‌ಗಳ ಪ್ಯಾರಲಾಕ್ಸ್ ನೂರು ಗಜಕ್ಕೆ ಕೂರಿಸಿರುತ್ತಾರೆ. 50 ಮೀಟರಿನಲ್ಲಿ ಕಣ್ಣು ಒಂದಿಷ್ಟು ಸರಿದರೂ ಅಡ್ಡಗೆರೆ ಓಡಾಡುತ್ತದೆ. ಸೈಲೆನ್ಸರ್ ಬಗ್ಗೆ ಕೇಳುವವರಿಗೆ ನಾನು ಉತ್ತರವನ್ನೇ ಕೊಡುವುದಿಲ್ಲ.

ಇಷ್ಟರ ಮಧ್ಯೆ ಏರ್‌ರೈಫಲ್ ಮರೆತಿಲ್ಲ. .177 ಬೋರ್, 20 ಜೂಲ್ ಶಕ್ತಿ ಮೀರದಿದ್ದರೆ ಲೈಸೆನ್ಸ್ ಬೇಡ. ಹತ್ತು ಮೀಟರಿನ ಗುರಿಯಲ್ಲಿ ಹತ್ತು ಅನ್ನುವುದು ಅರ್ಧ ಮಿಲಿಮೀಟರಿನ ಚುಕ್ಕೆ. ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ತಂದದ್ದು ಅದರಲ್ಲಿ. ಲೈಸೆನ್ಸ್ ಅರ್ಜಿ ಮೇಜಿನಿಂದ ಮೇಜಿಗೆ ಹೋಗುವ ಆ ಒಂದು ವರ್ಷದಲ್ಲಿ ದಿನಕ್ಕೆ ಅರ್ಧ ಗಂಟೆ ಅದನ್ನು ಹಿಡಿದವನು, ಅದೇ ವರ್ಷ ಸ್ಕೋಪ್ ವಿಮರ್ಶೆ ನೋಡಿದವನಿಗಿಂತ ಎಲ್ಲೋ ಮುಂದೆ ಇರುತ್ತಾನೆ.

ಈಗ "ನಿಮ್ಮ ತೋಟದಲ್ಲೇ" ಅನ್ನುವುದಕ್ಕೆ ಉಳಿದ ಉತ್ತರ. ನನಗೆ ನಿಜವಾಗಿ ನಿದ್ದೆ ಕೆಡಿಸುವುದು ಇದೇ.

ಚಿಕ್ಕಪ್ಪನ ಮಗನ ಯೋಜನೆ ಏನಿತ್ತು ಗೊತ್ತಾ? ನಮ್ಮ ಗದ್ದೆ ಬದುವಿನಲ್ಲಿ ಮಲಗುವುದು, ಹೊಳೆ ದಾಟಿಸಿ ಆಚೆ ದಡದ ದಿಬ್ಬಕ್ಕೆ ಹೊಡೆಯುವುದು. ಗೂಗಲ್ ಮ್ಯಾಪ್‌ನಲ್ಲಿ ಅಳೆದು ದೂರವನ್ನೂ ಬರೆದಿಟ್ಟುಕೊಂಡಿದ್ದ. ಆಕಾಶದಿಂದ ನೋಡಿದರೆ ಅದು ಖಾಲಿ ಹಸಿರು. ನೆಲದ ಮೇಲೆ ನಿಂತರೆ ಅಲ್ಲಿ ಬಟ್ಟೆ ಒಗೆಯುವವರಿದ್ದಾರೆ, ಮೀನು ಹಿಡಿಯುವವರಿದ್ದಾರೆ, ದನ ಮೇಯಿಸುವ ಹುಡುಗರಿದ್ದಾರೆ, ಮಧ್ಯಾಹ್ನ ಶುಂಠಿ ಹೊಲದ ಗುಡಿಸಲಿನಲ್ಲಿ ಮಲಗಿದ ಕೂಲಿಯವರಿದ್ದಾರೆ. "ಅಲ್ಲಿ ಯಾರೂ ಇರಲ್ಲ" ಅನ್ನುವ ಜಾಗ ನಮ್ಮ ಕಡೆ ಇಲ್ಲ. ನೀರಿಗೆ ಓರೆಯಾಗಿ ಬಡಿದ ಗುಂಡು, ಮಕ್ಕಳು ಎಸೆದ ಬಿಲ್ಲೆ ಕಲ್ಲಿನ ಹಾಗೆ, ಪುಟಿದು ಹಾರುತ್ತದೆ. ಎಲ್ಲಿಗೆ ಅಂತ ಯಾರೂ ಹೇಳಲಾರರು. .22ರ ಪೆಟ್ಟಿಗೆ ಮೇಲೇ ಒಂದೂವರೆ ಮೈಲಿ ದೂರದವರೆಗೆ ಅಪಾಯ ಎಂದು ಅಚ್ಚು ಹಾಕಿರುತ್ತಾರೆ, ಸುಮಾರು 2.4 ಕಿಲೋಮೀಟರ್. ಬಲೂನ್ ಹೊಡೆಯುವ ಗುಂಡಿಗೇ ಅಷ್ಟು. .30-06 ಅದರ ಹತ್ತಿರ ಹತ್ತಿರ ಎರಡರಷ್ಟು ಹೋಗಬಲ್ಲದು. ನಮ್ಮ ಗದ್ದೆಯಿಂದ ಅಷ್ಟು ದೂರಕ್ಕೆ ವೃತ್ತ ಎಳೆದರೆ ಒಳಗೆ ಎಷ್ಟು ಮನೆ, ಎಷ್ಟು ಶಾಲೆ, ಎಷ್ಟು ಬಸ್‌ಸ್ಟಾಪ್ ಬರುತ್ತವೆ ಅಂತ ಅವನೇ ಮ್ಯಾಪ್‌ನಲ್ಲಿ ಎಣಿಸಲಿ.

ಹಂದಿ ಅಂದುಕೊಂಡು ಮನುಷ್ಯನಿಗೆ ಹೊಡೆದ ಸುದ್ದಿ ಈ ಜಿಲ್ಲೆಯ ಪತ್ರಿಕೆ ಓದುವವರಿಗೆ ಹೊಸದಲ್ಲ. ಅದರಲ್ಲಿ ಸಾಯುವವನು ಸಾಮಾನ್ಯವಾಗಿ ತೋಟದ ಕೂಲಿ ಅಥವಾ ಜೊತೆಗೆ ಹೋದ ಗೆಳೆಯ. ಹೋಂಸ್ಟೇಗೆ ಬಂದು ಕುಡಿದು "ಒಂದು ರೌಂಡ್ ಹೊಡೆಯೋಣ" ಅನ್ನುವ ಪಾರ್ಟಿಗೆ 2019ರ ತಿದ್ದುಪಡಿ ಒಂದು ಹೊಸ ಶಿಕ್ಷೆ ತಂದಿದೆ: ಇನ್ನೊಬ್ಬರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಒಬ್ಬರಿಗೆ ಮೂರು ಕೋವಿ ಇದ್ದದ್ದನ್ನು ಎರಡಕ್ಕೆ ಇಳಿಸಿದ್ದೂ ಅದೇ ತಿದ್ದುಪಡಿ. ಆದ್ದರಿಂದ ಇರುವ ಎರಡು ಜಾಗದಲ್ಲಿ ಒಂದನ್ನು ತಪ್ಪು ರೈಫಲ್‌ಗೆ ಕೊಡುವ ಮುಂಚೆ ಯೋಚನೆ ಮಾಡಿ.

ನನ್ನ ಈ ಮಾತಿಗೆ ಎರಡು ಕಡೆಯಿಂದ ಬೈಗುಳ ಬರುತ್ತದೆ. ಒಂದು ಕಡೆಯವರು, "ಕೋವಿ ಅಂದ್ರೇನೇ ಕೆಟ್ಟದ್ದು, ನೀನು ಯಾಕೆ ಅದರ ಬಗ್ಗೆ ಬರೀತೀಯ" ಅನ್ನುತ್ತಾರೆ. ಅವರಿಗೆ ನಾನು ಹೇಳುವುದು: ಕೋವಿ ಇದೆ, ನಮ್ಮ ಜಿಲ್ಲೆಯಲ್ಲಿ ನೂರಾರು ವರ್ಷದಿಂದ ಇದೆ. ಅದನ್ನು ಹಿಡಿಯಲು ಬಂದವನಿಗೆ ಕಲಿಸಬೇಕೋ, ಕಲಿಸದೆ ಬಿಡಬೇಕೋ? ಇನ್ನೊಂದು ಕಡೆಯವರು, "ನೀನು ಕೊಡಗಿನವನಾಗಿ ಇಷ್ಟು ಹೆದರ್ತೀಯಲ್ಲ" ಅನ್ನುತ್ತಾರೆ. ಕೋವಿಯ ಜೊತೆ ಬೆಳೆದ ಮನೆಗಳ ಹಿರಿಯರನ್ನು ನಾನು ನೋಡಿದ್ದೇನೆ. ಕೈಲ್‌ಪೊಳ್ದ್ ದಿನ ಮೈದಾನದಲ್ಲಿ ತೆಂಗಿನಕಾಯಿ ಕಟ್ಟುವ ಮುಂಚೆ ಅದರ ಹಿಂದೆ ಏನಿದೆ ಅಂತ ನಡೆದುಹೋಗಿ ನೋಡಿ ಬರುವವರು ಅವರು. ಖಾಲಿ ಕೋವಿಯ ಬಾಯಿ ಕೂಡ ಮಕ್ಕಳ ಕಡೆ ತಿರುಗಿದರೆ ಗದರುವವರು. ಹೆದರಿಕೆಯನ್ನು ನಾನು ಅವರಿಂದಲೇ ಕಲಿತದ್ದು. ತೋಕ್ ನಮ್ಮೆಯಲ್ಲಿ ಕೂಡ .22 ರೈಫಲ್, ಹನ್ನೆರಡು ಬೋರ್, ಏರ್‌ರೈಫಲ್ ಅಂತ ವಿಭಾಗ ಮಾಡಿ, ಸಾಲಾಗಿ ಸರದಿಯಲ್ಲಿ ಹೊಡೆಸುತ್ತಾರೆ. ಹೊಳೆ ದಾಟಿಸಿ ಹೊಡೆಯುವವರು ಅಲ್ಲಿ ಯಾರೂ ಇಲ್ಲ.

ಸರ್ಕಾರಕ್ಕೆ ಬೈಯುತ್ತೇನೆ ಅಂದಿದ್ದೆನಲ್ಲ, ಅದು ಬಾಕಿ ಇದೆ. ಇಡೀ ದೇಶಕ್ಕೆ ಸೇನಾಧಿಕಾರಿಗಳನ್ನು ಕೊಟ್ಟ ಜಿಲ್ಲೆ, ಕೋವಿಗೆ ವಿನಾಯಿತಿ ಇರುವ ಜಿಲ್ಲೆ. ಇಲ್ಲಿ ಶಿರಂಗಾಲದ ಒಬ್ಬ ಪಿಯುಸಿ ಹುಡುಗಿ .22 ಹಿಡಿದು 50 ಮೀಟರ್ ಅಭ್ಯಾಸ ಮಾಡಬೇಕೆಂದರೆ ಅವಳಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ, ಪ್ರತಿದಿನ ತೆರೆದಿರುವ, ಯಾರ ಜಾತಿ-ಹಿಡುವಳಿ ಕೇಳದ ರೇಂಜ್ ಇರಬೇಕು. ಕಾನೂನು ಅವಳಿಗೆ ಅಡ್ಡ ಬರುವುದಿಲ್ಲ. ಹನ್ನೆರಡು ತುಂಬಿದವರು ಕೋಚ್ ಕಣ್ಣೆದುರು ಗುರಿ ಅಭ್ಯಾಸ ಮಾಡಬಹುದು ಎಂದು 2016ರ ನಿಯಮಗಳೇ ಹೇಳುತ್ತವೆ. ಅಡ್ಡ ಬರುವುದು ಮಣ್ಣಿನ ದಿಬ್ಬ ಒಂದು ಇಲ್ಲದಿರುವುದು. 50 ಮೀಟರ್ ರೇಂಜ್ ಅಂದರೆ ಸ್ಟೇಡಿಯಂ ಅಲ್ಲ. ಎತ್ತರದ ಮಣ್ಣಿನ ದಿಬ್ಬ, ಪಕ್ಕದ ಗೋಡೆಗಳು, ಅಡ್ಡ ತಡೆಗಳು, ತಗಡಿನ ಚಾವಣಿ, ಬೀಗ ಇರುವ ಕೋಣೆ, ಕೆಂಪು ಬಾವುಟ, ಮತ್ತು ಜವಾಬ್ದಾರಿ ಹೊರುವ ಒಬ್ಬ ರೇಂಜ್ ಆಫೀಸರ್. ಕೊಡಗಿನಲ್ಲಿ ನಿವೃತ್ತ ಸೈನಿಕರಿಗೆ ಬರವೇ?

ಚಿಕ್ಕಪ್ಪನ ಮಗನ ಹತ್ತಿರ ಎಂಟು ಲಕ್ಷ ಇದೆ, ಅವನ ಗೆಳೆಯರು ನಾಲ್ವರಲ್ಲಿ ತಲಾ ಅಷ್ಟೇ ಇದೆ. ಐದು ಜನ ಐದು .30-06 ತಗೊಂಡರೆ ಐದು ಬೀರುಗಳಲ್ಲಿ ಐದು ರೈಫಲ್ ಇರುತ್ತವೆ. ಅದೇ ಐದು ಜನ ಕ್ಲಬ್ ನೋಂದಾಯಿಸಿ, ಜಿಲ್ಲಾಧಿಕಾರಿ ಕಚೇರಿಗೂ ರಾಜ್ಯ ರೈಫಲ್ ಅಸೋಸಿಯೇಷನ್‌ಗೂ ಅರ್ಜಿ ಹಾಕಿ, ಕುಶಾಲನಗರದ ಸುತ್ತ ಜಾಗ ಕೇಳಿದರೆ? ಎರಡು ಮೂರು ವರ್ಷ ಹಿಡಿಯುತ್ತದೆ, ಕಾಗದ ಕಳೆದುಹೋಗುತ್ತದೆ, ಮತ್ತೆ ಕೊಡಬೇಕಾಗುತ್ತದೆ. ಕೋಡ್ ಡಿಪ್ಲಾಯ್ ಮಾಡಿದ ಹಾಗೆ ಒಂದು ರಾತ್ರಿಯಲ್ಲಿ ಆಗುವುದಿಲ್ಲ. ಅಂದರೂ ಲೈಸೆನ್ಸ್‌ಗೆ ಒಂದೂವರೆ ವರ್ಷ ಓಡಾಡಲು ತಯಾರಿರುವವರು ಇದಕ್ಕೂ ಓಡಾಡಬಹುದು.

ಅಲ್ಲಿಯವರೆಗೆ ಮಾಡಲು ಕೆಲಸ ಇದೆ. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ನಡೆಸುತ್ತಾರೆ, ಪತ್ರಿಕೆಯಲ್ಲಿ ಚಿಕ್ಕದಾಗಿ ಪ್ರಕಟಣೆ ಬರುತ್ತದೆ, ಅರ್ಜಿ ಹಾಕಿ. ಲೈಸೆನ್ಸ್‌ಗೆ ಹೇಗೂ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. ಬೆಂಗಳೂರಿನಲ್ಲಿರುವವರು ಯಾವುದಾದರೂ ಮಾನ್ಯತೆ ಇರುವ ಕ್ಲಬ್ಬಿಗೆ ಸೇರಿ, ಅವರ ರೈಫಲ್, ಅವರ ರೇಂಜ್, ಅವರ ಕೋಚ್. ರಾಜ್ಯ ಮಟ್ಟದ ಪಂದ್ಯದಲ್ಲಿ ಒಂದು ಸಲ ಸೋತು ಬನ್ನಿ. ಅಂಕ ಏರಿದ ಹಾಗೆ ಗುಂಡಿನ ಕೋಟಾ ದೊಡ್ಡದಾಗುತ್ತದೆ, ಆಮದಿನ ಬಾಗಿಲು ತೆರೆಯುತ್ತದೆ. 300 ಮೀಟರ್ ಬಿಗ್ ಬೋರ್ ಹೊಡೆಯಬೇಕೆಂದರೂ ದಾರಿ ಅದೇ. ಅಷ್ಟು ದೂರದ ರೇಂಜುಗಳು ನಮ್ಮಲ್ಲಿ ಹೆಚ್ಚಾಗಿ ಸೇನೆ, ಅರೆಸೇನೆಯ ಕೈಯಲ್ಲಿವೆ. ಅಲ್ಲಿಗೆ ಕಾರ್ಡ್ ತೋರಿಸಿ ಒಳಗೆ ಹೋಗುವುದು ಪಂದ್ಯಕ್ಕೆ ಅರ್ಹರಾದವರು, ದುಡ್ಡಿದ್ದವರಲ್ಲ.

ಚಿಕ್ಕಪ್ಪನ ಮಗ ಕಳೆದ ತಿಂಗಳು ಕ್ಲಬ್ ಸೇರಿದ್ದಾನೆ. ಮೊದಲ ದಿನ ಕೋಚ್ ಅವನಿಗೆ ಗುಂಡನ್ನೇ ಕೊಡಲಿಲ್ಲವಂತೆ. ಒಂದೂವರೆ ಗಂಟೆ ಖಾಲಿ ರೈಫಲ್ ಹಿಡಿಸಿ, ಬ್ಯಾರೆಲ್ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಒತ್ತಲು ಹೇಳಿದರಂತೆ. ನಲವತ್ತು ಸಲ ಬಿತ್ತು ಅಂತ ರಾತ್ರಿ ಫೋನ್ ಮಾಡಿ ಹೇಳಿದ. ಟಿಕ್ಕಾ ವಿಷಯ ಎತ್ತಲಿಲ್ಲ.